ವೈಶಾಖದ ಕೆಪ್ಪಜೋಗ

ಹೋದ ದೀಪಾವಳಿ ರಜೆಯಲ್ಲಿ ನೀವೆಲ್ಲ ಬಂದು, ಬಾಡಿಗೆಗೆ ಕಾರು ಮಾಡಿ, ನನ್ನನ್ನು ಶಿರಸಿ ಸೀಮೆ ಸುತ್ತಿಸಲು ಕರೆದುಕೊಂಡು ಹೋದಿರಲ್ಲ, ಆ ದಿನ ಬೆಳಿಗ್ಗೆ ಡ್ರೈವರು ಹಳೆಯ ಪತ್ರಿಕೆಯೊಂದನ್ನು ನೀರಿನಲ್ಲಿ ಅದ್ದಿ, ಮುದ್ದೆ ಮಾಡಿ, ಮುಂದಿನ ಗಾಜು ಒರೆಸುತ್ತಿದ್ದ. ನೀವು ಚೀಲಗಳನ್ನು ಇಡುವ ಗಡಿಬಿಡಿಯಲ್ಲಿದ್ದಿರಿ. ನಾನು ಕಾರಿನ ಬಾಗಿಲ ಹತ್ತಿರ ಹಾಗೇ ನಿಂತುಬಿಟ್ಟೆ. ಒದ್ದೆ ಕಾಗದದ, ಮಸಿಯ, ಎಳೆ ಬಿಸಿಲಿಗೆ ಆರುವ ಗಾಜಿನ ಆ ವಾಸನೆ ನನ್ನ ಅಪ್ಪನ ವಾಸನೆ. "ಯಾಕಜ್ಜಿ, ಹತ್ತಲ್ವಾ?" ಎಂದು ನಿಮ್ಮಲ್ಲಿ ಒಬ್ಬಳು ಕೇಳಿದಳು. ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಬರೆಯುವುದಾದರೆ ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಬರುತ್ತದೆ. ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನನ್ನ ಅಪ್ಪ, ಅಂದರೆ ನಿಮ್ಮ ಮುತ್ತಜ್ಜ, ಶಿರಸಿ ಬಸ್ ಸ್ಟ್ಯಾಂಡಿನ ಎದುರು ಬಾಡಿಗೆ ಕಾರು ಓಡಿಸುತ್ತಿದ್ದರು. ಡ್ರೈವರ್ ಬಸಣ್ಣ ಎಂದರೆ ಪೇಟೆಗೆಲ್ಲ ಗೊತ್ತು. ಕಾರು ಒಬ್ಬ ಅಡಿಕೆ ವ್ಯಾಪಾರಿಯದು, ಬಿಳಿಯ ಅಂಬಾಸಿಡರ್. ಆದರೆ ರಾತ್ರಿ ಅದು ಮಲಗುತ್ತಿದ್ದುದು ಬನವಾಸಿ ರಸ್ತೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆಯ ಅಂಗಳದಲ್ಲಿ. ಬೆಳಿಗ್ಗೆ ಅವ್ವ ಬಾಗಿಲಿಗೆ ಹಾಕುವ ರಂಗೋಲಿಯ ಒಂದು ಎಳೆ ಕಾರಿನ ಗಾಲಿಯವರೆಗೂ ಹೋಗುತ್ತಿತ್ತು. ಶಿರಸಿಗೆ ರೈಲಿಲ್ಲವಲ್ಲ, ಊರು ನೋಡಲು ಬಂದವರೆಲ್ಲ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಬಾಡಿದ ಮುಖದಲ್ಲಿ ಬಸ್ಸಿನಿಂದ ಇಳಿಯುತ್ತಿದ್ದರು. ಅಪ್ಪ ಅವರಿಗೆ ಒಮ್ಮೆಲೇ ಏನನ್ನೂ ತೋರಿಸುತ್ತಿರಲಿಲ್ಲ. ಮುಖ ತೊಳೆಸಿ, ಹೋಟೆಲಿನಲ್ಲಿ ಬಿಸಿ ಇಡ್ಲಿ ತಿನ್ನಿಸಿ, "ಈಗ ನಮ್ಮೂರು ನೋಡಾಕ ಲಾಯಕ್ ಆದ್ರಿ ನೋಡ್ರಿ" ಎಂದು ನಗಿಸಿ, ಆಮೇಲೆ ಕಾರು ತೆಗೆಯುತ್ತಿದ್ದರು. ಮಾರಿಗುಡಿಯ ಕೆಂಪು ಗೋಡೆ, ಅಡಿಕೆಯ ವಾಸನೆ ತುಂಬಿದ ಪೇಟೆ, ಹೊಳೆಯ ಬಂಡೆಗಳ ಮೇಲೆ ಲಿಂಗ ಕೆತ್ತಿದ ಸಹಸ್ರಲಿಂಗ, ಬನವಾಸಿಯ ಗುಡಿ ಎಲ್ಲ ಮುಗಿದ ಮೇಲೆ, ಕಡೆಗೆ ಹೆಗ್ಗರಣೆಯ ಆಚೆಗಿನ ಉಂಚಳ್ಳಿ ಜಲಪಾತ. ಅದರ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆಂದು ನಮ್ಮ ಕಡೆ ಅದಕ್ಕೆ ಕೆಪ್ಪಜೋಗ ಎನ್ನುತ್ತಾರೆ. ಅದು ಕಣ್ಣಿಗೆ ಬೀಳುವ ಮೊದಲೇ ಅಪ್ಪ ಕಾಡಿನ ಒಂದು ತಿರುವಿನಲ್ಲಿ ಎಂಜಿನ್ ಆರಿಸಿ, "ಮೊದಲ ಕೇಳ್ರಿ. ಆಮ್ಯಾಲ ನೋಡೂರಂತ" ಎನ್ನುತ್ತಿದ್ದರಂತೆ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಅಪ್ಪ ಪ್ರವಾಸಿಗರಿಗೆ ಹೇಳುವ ಮಾತನ್ನೆಲ್ಲ ಮೊದಲು ಅವ್ವನಿಗೆ ಹೇಳಿ ನೋಡುತ್ತಿದ್ದರು. ಸಂಜೆ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಬಾಗಿಲಿಗೆ ಒರಗಿ ನಿಂತು ಶುರು ಮಾಡುತ್ತಿದ್ದರು. ಮಾತು ಸಪ್ಪೆಯಾದರೆ ಅವ್ವನ ಕೈ ತಪ ತಪ ಎಂದು ಬಡಿಯುತ್ತಲೇ ಇರುತ್ತಿತ್ತು. ಮಾತು ಚೆನ್ನಾಗಿದ್ದರೆ ಕೈ ನಿಲ್ಲುತ್ತಿತ್ತು. ಕೈ ನಿಂತ ಮಾತನ್ನು ಅಪ್ಪ ಮರುದಿನ ಕಾರಿನಲ್ಲಿ ಹೇಳುತ್ತಿದ್ದರು, ಉಳಿದದ್ದನ್ನು ಬಿಡುತ್ತಿದ್ದರು. ಕೆಪ್ಪಜೋಗದ ಮಾತು ಬಂದಾಗ ಅವ್ವನ ಕೈ ಎಷ್ಟು ಹೊತ್ತು ನಿಲ್ಲುತ್ತಿತ್ತೆಂದರೆ, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಆ ಕರಕಲು ರೊಟ್ಟಿ ಅಪ್ಪನ ಪಾಲಿಗೇ. ಅವರು ಅದನ್ನು ಬಹುಮಾನದ ಹಾಗೆ ತಿನ್ನುತ್ತಿದ್ದರು.

ಆದರೆ ಅವ್ವ ಕೆಪ್ಪಜೋಗ ನೋಡಿರಲಿಲ್ಲ. ಹೊಳೆ ತುಂಬಿದ್ದಾಗ ಜನ ಬರುತ್ತಿದ್ದರು, ಕಾರು ಅವರದು. ಜನ ಬರದೆ ಕಾರು ಖಾಲಿ ನಿಂತಾಗ ಹೊಳೆಯಲ್ಲಿ ನೀರಿರುತ್ತಿರಲಿಲ್ಲ. ಶಿರಸಿಯ ಡ್ರೈವರುಗಳ ಮನೆಯ ಹೆಂಗಸರ ಹಣೆಬರಹವೇ ಅಷ್ಟು. ಅಪ್ಪನ ಜೊತೆ ಅದೇ ಸ್ಟ್ಯಾಂಡಿನಲ್ಲಿ ಕಾರು ಓಡಿಸುತ್ತಿದ್ದ ಖಾದರ್ ಕಾಕಾ ನಮ್ಮಲ್ಲಿಗೆ ಚಹಾಕ್ಕೆ ಬಂದಾಗಲೆಲ್ಲ ಕೆಣಕುತ್ತಿದ್ದರು: "ಏನ್ ಬಸಣ್ಣ, ಊರ ಮಂದಿಗೆಲ್ಲ ಜೋಗ ತೋರಸ್ತಿ. ನಮ್ಮ ಭಾಭಿಗೆ ಏನ್ ತೋರಿಸಿದಿ? ಬಾವಿಕಟ್ಟೆನಾ?" ಅಪ್ಪ ನಗುತ್ತಿದ್ದರು. ಅವ್ವ ಒಳಗಿನಿಂದಲೇ, "ಬಾವ್ಯಾಗ ನೀರಾದ್ರೂ ಇರ್ತೈತಿ, ಖಾದರಣ್ಣ" ಎನ್ನುತ್ತಿದ್ದಳು.

ಒಂದು ವರ್ಷ ವೈಶಾಖದಲ್ಲಿ ಮಾಲೀಕರು ಆ ಕಾರನ್ನು ಮಾರುವುದೆಂದು ಮಾಡಿದರು. ಮಳೆಗೆ ಮೊದಲೇ ಯಲ್ಲಾಪುರದ ಯಾರೋ ಬಂದು ಒಯ್ಯುವವರಿದ್ದರು. "ಒಂದು ದಿನ ಮನೆಯವರನ್ನು ಕೂರಿಸಿಕೊಂಡು ಎಲ್ಲಾದರೂ ಹೋಗಿ ಬಾ" ಎಂದರಂತೆ. ಅಪ್ಪ ಮನೆಗೆ ಬಂದು ಅವ್ವನನ್ನು ಎಲ್ಲಿಗೆ ಹೋಗೋಣ ಎಂದು ಕೇಳಲೇ ಇಲ್ಲ. ಅದು ಕೇಳುವ ಮಾತೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಪತ್ರಿಕೆ ಅದ್ದಿ ಗಾಜು ಒರೆಸಿ, ಹಿಂದಿನ ಬಾಗಿಲು ತೆಗೆದು ನಿಂತರು. ಅವ್ವ ಮದುವೆಯ ಸೀರೆ ಉಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದೆ ಕೂತಳು. ಪ್ರವಾಸಿಗರು ಹಿಂದೆಯೇ ಕೂರುವುದಲ್ಲವೇ. ಅಪ್ಪ ನಮಗೂ ಇಡ್ಲಿ ತಿನ್ನಿಸಿದರು. "ಈಗ ಲಾಯಕ್ ಆದ್ರಿ ನೋಡ್ರಿ ಅವ್ವಾರ" ಎಂದಾಗ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಸಿದ್ದಾಪುರದ ದಾರಿ ಹಿಡಿದು ಹೆಗ್ಗರಣೆ ದಾಟುವವರೆಗೂ ಅಪ್ಪನ ಬಾಯಿ ನಿಲ್ಲಲಿಲ್ಲ. ಆಮೇಲೆ ಆ ತಿರುವು ಬಂತು. ಅಪ್ಪ ಅಭ್ಯಾಸಬಲದಿಂದ ಎಂಜಿನ್ ಆರಿಸಿ, "ಮೊದಲ ಕೇಳ್ರಿ" ಎಂದರು.

ಏನೂ ಕೇಳಿಸಲಿಲ್ಲ. ಒಣ ಎಲೆಗಳಲ್ಲಿ ಒಂದು ಹಕ್ಕಿ ಕೆದರುತ್ತಿತ್ತು, ಅಷ್ಟೇ. ಅಪ್ಪನ ಕುತ್ತಿಗೆಯ ಹಿಂಭಾಗ ಕೆಂಪಾದದ್ದು ನನಗೆ ಹಿಂದಿನ ಸೀಟಿನಿಂದ ಕಂಡಿತು.

"ಹೊಳ್ಳಿ ಹೋಗೂನು ನಡಿ. ನೀರಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಕರ್ಕೊಂಡು ಬಂದೆ."

"ಬಂದಾಕಿ ನೋಡೇ ಹೋಗಾಕಿ" ಎಂದು ಅವ್ವ ತಾನೇ ಬಾಗಿಲು ತೆಗೆದು ಇಳಿದಳು.

ನಡೆದು ಹೋಗಿ ನೋಡಿದೆವು. ಎದುರಿಗೆ ಎತ್ತರದ ಕರಿ ಬಂಡೆ, ಅದರ ಮೇಲಿಂದ ನೂಲಿನಂತೆ ಒಂದು ಎಳೆ ನೀರು, ಗಾಳಿ ಬಂದರೆ ಅದೂ ಕಾಣೆ. ನೋಡುಗರ ಮುಂದೆ ಸದಾ ಮಾತಾಡುವ ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಹೇಳ್ರಿ" ಎಂದಳು ಅವ್ವ.

"ಏನ್ ಹೇಳ್ಲಿ? ನೀರ ಇಲ್ಲಲ್ಲ."

"ನೀರಿದ್ದಾಗ ಕಣ್ಣಿದ್ದವರು ತಾವ ನೋಡ್ತಾರ. ನೀವ್ಯಾಕ ಬೇಕು? ಇವತ್ತು ಬೇಕು, ಹೇಳ್ರಿ."

ಅಪ್ಪ ಮೊದಲು ತೊದಲಿದರು. ಆಮೇಲೆ ಕೈ ಎತ್ತಿ ಬಂಡೆಯ ತುದಿಯನ್ನು ತೋರಿಸಿದರು. ಅಘನಾಶಿನಿ ಕಾಡಿನೊಳಗಿಂದ ಏನೂ ಅರಿಯದವಳಂತೆ ಬಂದು ಆ ಅಂಚಿನಲ್ಲಿ ಒಮ್ಮೆ ತಡೆಯುವುದು, ಆಮೇಲೆ ಬಿಳಿ ಸೀರೆಗಳ ಗಂಟು ಬಿಚ್ಚಿ ಎಸೆದ ಹಾಗೆ ಬೀಳುವುದು, ಕೆಳಗಿನಿಂದ ಹೊಗೆ ಏಳುವುದು, ಹೊತ್ತು ಇಳಿಯುವಾಗ ಆ ಹೊಗೆಯಲ್ಲಿ ಕಾಮನಬಿಲ್ಲು ಮೂಡುವುದು, ಎಲ್ಲ ಹೇಳಿದರು. ಸದ್ದು ಬೇಕೆಂದು ದನಿ ಏರಿಸಿದರು. ಆ ದನಿ ಕಣಿವೆಗೆ ಬಡಿದು ತಿರುಗಿ ಬಂತು. ಅವ್ವ ಅಲ್ಲಿಯವರೆಗೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ಆ ಕೈ ನಿಂತಿತು.

ಸಂಜೆ ಖಾದರ್ ಕಾಕಾ ನಮ್ಮ ಕಟ್ಟೆಯ ಮೇಲೆಯೇ ಕಾಯುತ್ತಿದ್ದರು. "ಹೆಂಗಿತ್ತು ಭಾಭಿ, ಜೋಗ?" ಎಂದರು, ಕೆಣಕಲು ತಯಾರಾಗಿ.

"ತುಂಬಿ ಹರೀತಿತ್ತು" ಎಂದಳು ಅವ್ವ, ಚಪ್ಪಲಿ ಬಿಡುತ್ತಾ.

ವೈಶಾಖದ ಕೆಪ್ಪಜೋಗ ಖಾದರ್ ಕಾಕಾಗೆ ಗೊತ್ತಿಲ್ಲದ್ದೇನಲ್ಲ. ಅವರು ಅವ್ವನನ್ನು ನೋಡಿದರು, ಕಾರಿನ ಹತ್ತಿರ ನಿಂತಿದ್ದ ಅಪ್ಪನನ್ನು ನೋಡಿದರು. "ಹರೀತದ ಬಿಡ್ರಿ" ಎಂದು ಮೆಲ್ಲಗೆ ಹೇಳಿ ಚಹಾ ಕುಡಿದರು. ಅಂದಿನಿಂದ ಬಾವಿಕಟ್ಟೆಯ ಮಾತು ಅವರ ಬಾಯಲ್ಲಿ ಬರಲಿಲ್ಲ.

ಆ ಕಾರು ಹೋಯಿತು. ಅಪ್ಪ ಬೇರೆಯವರ ಜೀಪು ಓಡಿಸಿದರು, ಅದರಲ್ಲೂ ಮೊದಲು ತಿನ್ನಿಸಿ ಆಮೇಲೆ ತೋರಿಸಿದರು. ನಾನು ಮದುವೆಯಾಗಿ ಬಂದೆ. ಅವ್ವ, ಅಪ್ಪ, ಖಾದರ್ ಕಾಕಾ, ನಿಮ್ಮ ಅಜ್ಜ, ಒಬ್ಬೊಬ್ಬರಾಗಿ ಹೋದರು. ಆ ಮನೆಯೂ ಇಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಒಲೆ ಇದ್ದ ಜಾಗದ ಮೇಲೆ ಈಗ ಕಾರುಗಳು ಓಡುತ್ತವೆ. ಡ್ರೈವರನ ಮನೆ ರಸ್ತೆಗೆ ಸೇರಿತೆಂದು ಅಪ್ಪನಾದರೆ ನಗುತ್ತಿದ್ದರೇನೋ.

ದೀಪಾವಳಿಯ ಆ ದಿನ ನೀವು ನನ್ನ ಕೈ ಹಿಡಿದು ಕೆಳಗಿಳಿಸಿ ಕೆಪ್ಪಜೋಗ ತೋರಿಸಿದಿರಿ. ಹೊಳೆ ತುಂಬಿತ್ತು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ, ಮುಖಕ್ಕೆ ನೀರಿನ ಹನಿ ಹಾರುತ್ತಿತ್ತು. ಹಿಂದಿರುಗಿ ಕಾರಿಗೆ ಬಂದಾಗ ಡ್ರೈವರು ಮತ್ತೆ ಗಾಜು ಒರೆಸುತ್ತಿದ್ದ. "ಅಜ್ಜಿ, ಫಸ್ಟ್ ಟೈಮ್ ನೋಡಿದ್ರಾ?" ಎಂದು ಕೇಳಿದ.

"ಇಲ್ಲಪ್ಪ. ಸಣ್ಣಾಕಿದ್ದಾಗ ನಮ್ಮಪ್ಪ ತೋರಿಸಿದ್ದರು."

"ಆವಾಗ ನೀರು ಹೀಂಗೇ ಇತ್ತಾ?"

ನಾನು ಒದ್ದೆ ಕಾಗದದ ವಾಸನೆ ಎಳೆದುಕೊಂಡು, ಸೀಟಿನಲ್ಲಿ ನೆಟ್ಟಗೆ ಕೂತು, "ಇದಕ್ಕಿಂತ ಜಾಸ್ತಿ ಇತ್ತು" ಎಂದೆ.