ವಿಷಲ್ ಇಲ್ಲದ ಕೋಚ್

ಕೊರೊನಾ ಕಳೆದು ಕಾಲೇಜು ಮೈದಾನಗಳು ಮತ್ತೆ ತುಂಬಿದ್ದ ವರ್ಷ. ಆಯುಧಪೂಜೆಯ ಮರುದಿನ ಬೆಳಗ್ಗೆ ನಾನೂ ಮಗಳು ಮೇಘನಾಳೂ ಫೇರ್‌ಫ್ಯಾಕ್ಸ್‌ನಿಂದ ಕಾರಿನಲ್ಲಿ ಹೊರಟೆವು. ಅಟ್ಲಾಂಟಾ ಬಳಿಯ ಸಣ್ಣ ಕಾಲೇಜೊಂದರಲ್ಲಿ ಅವಳಿಗೆ ಫುಟ್‌ಬಾಲ್ ಕೋಚ್ ಕೆಲಸದ ಸಂದರ್ಶನವಿತ್ತು. ಇದು ಅಮೆರಿಕದವರು ಕೈಯಲ್ಲೂ ಆಡುವ ಫುಟ್‌ಬಾಲ್. ಕಂಬಗಳ ನಡುವೆ ಚೆಂಡು ಒದೆಯುವವರನ್ನು ಪಳಗಿಸುವುದು ಅವಳ ಕಸುಬು. ಈ ಸಲವೂ ಸಿಗದಿದ್ದರೆ ಆಫೀಸು ಕೆಲಸ ಹಿಡಿಯುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಅವಳು ಮೈದಾನ ಬಿಡುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ರಿಚ್ಮಂಡ್ ದಾಟುವವರೆಗೂ ಟ್ರಾಫಿಕ್. ನಾರ್ತ್ ಕ್ಯಾರೊಲಿನಾದಲ್ಲಿ ಹಿತವಾದ ಬಿಸಿಲಿಗೆ ಕೂತು ಚಿತ್ರಾನ್ನ ತಿಂದೆವು. ಅವಳು ಮೊದಲು ಕೆಲಸಕ್ಕೆ ಸೇರಿದ್ದ ಕಾಲೇಜು ಅಲ್ಲೇ ಹತ್ತಿರ. ಚೆಂಡಿನ ಚೀಲ ಹೊರುವುದರಿಂದ ಶುರುಮಾಡಿ ಸಹಾಯಕ ಕೋಚ್ ಆಗಿದ್ದಳು. ತಂಡ ಸೋತಿತು, ಮುಖ್ಯ ಕೋಚನ್ನು ತೆಗೆದರು. ಅವರ ಹಿಂದೆಯೇ ಸಹಾಯಕರೂ ಗಂಟುಮೂಟೆ ಕಟ್ಟಬೇಕಂತೆ. ಆಮೇಲೆ ಸೇರಿದ ಸೌತ್ ಕ್ಯಾರೊಲಿನಾದ ಕಾಲೇಜಿನಲ್ಲೂ ಅದೇ ಕಥೆಯಾಯಿತು.

"ಸಾಕು ಅನ್ಸಲ್ವೇನೇ?" ಎಂದೆ.

"ಇಲ್ಲಮ್ಮಾ. ನನ್ನ ಕಿಕ್ಕರ್ಸ್ ಚೆನ್ನಾಗೇ ಮಾಡಿದ್ರು. ಐ ಆಮ್ ನಾಟ್ ಡನ್."

ಗ್ರೀನ್‌ವಿಲ್‌ನ ಮೋಟೆಲ್‌ನಲ್ಲಿ ತಂಗಿ, ಮರುದಿನ ಮಧ್ಯಾಹ್ನ ಕಾಲೇಜು ತಲುಪಿದೆವು. ಸಂದರ್ಶನವೆಂದರೆ ಮೈದಾನದಲ್ಲೇ ಪಾಠ ಮಾಡಿ ತೋರಿಸುವುದು. ಮೇಘನಾ ಕುತ್ತಿಗೆ ತಡವಿಕೊಂಡು ನನ್ನತ್ತ ತಿರುಗಿದಳು. ಅವಳ ವಿಷಲ್ ಕುಂಕುಮ ಹಚ್ಚಿಸಿಕೊಂಡು ಮನೆಯಲ್ಲಿ ದೇವರ ಮುಂದೆಯೇ ಕೂತಿತ್ತು! ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟಬೇಡವೆಂದು ಗದರಿದವಳು ನಾನೇ. ಬೆಳಗ್ಗೆ ಕಾರಿನ ಕೀಲಿಯನ್ನಷ್ಟೇ ಎತ್ತಿಕೊಂಡಿದ್ದೆವು.

ಮುಖ್ಯ ಕೋಚ್, ನೆರೆಗೂದಲಿನ ದೊಡ್ಡ ಆಳು, ತಮ್ಮ ಕೊರಳಿನ ವಿಷಲ್ ತೆಗೆದು ಅವಳತ್ತ ಚಾಚಿದರು. ಮೇಘನಾ ಬೇಡವೆಂದಳು. ಎಂಜಲು! ಚಿಕ್ಕಂದಿನಿಂದ ನಾನು ಕಲಿಸಿದ್ದು ಈಗಲೇ ನೆನಪಾಗಬೇಕೇ?

ಅವಳು ಚಪ್ಪಾಳೆ ತಟ್ಟಿ ಆಟಗಾರನೊಬ್ಬನನ್ನು ಕರೆದಳು. ಅವನು ಒದ್ದ ಚೆಂಡು ಕಂಬದಿಂದಾಚೆ ಹೋಯಿತು. ಒದೆಯುವಾಗ ನೆಲಕ್ಕೆ ಊರುವ ಕಾಲನ್ನು ಚೆಂಡಿನಿಂದ ಸ್ವಲ್ಪ ದೂರ ಇಡಿಸಿದಳು. ಮತ್ತೆ ತಪ್ಪಿತು. ಅವಳು ಬಿಡಲಿಲ್ಲ, ಮತ್ತೆ ಚಪ್ಪಾಳೆ, ಮತ್ತೆ ಒದೆತ. ಕೊನೆಗೆ ಚೆಂಡು ಕಂಬಗಳ ನಟ್ಟನಡುವೆ ಹಾರಿತು. ಆಮೇಲೆ ಒಂದೂ ತಪ್ಪಲಿಲ್ಲ.

"ನನ್ನ ವಿಷಲ್ ಯಾಕೆ ಬೇಡ ಅಂದೆ?" ಎಂದು ಮುಖ್ಯ ಕೋಚ್ ಕೇಳಿದರು.

"ಇನ್ನೊಬ್ಬರು ಬಾಯಿಗಿಟ್ಟಿದ್ದನ್ನ ನಾವು ಬಾಯಿಗಿಡಲ್ಲ," ಎಂದು ಅವಳು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿಬಿಟ್ಟಳು. ಅವರು ತಮ್ಮ ವಿಷಲ್ ನೋಡಿಕೊಂಡು ಗಹಗಹಿಸಿ ನಕ್ಕರು. ಸೀಸನ್ ಮುಗಿಯುವವರೆಗೆ ಕೆಲಸ ಅವಳದೇ ಎಂದರು.

ಮೇಘನಾ ಕಾರಿಟ್ಟುಕೊಂಡು ಅಲ್ಲೇ ಉಳಿದಳು. ನಾನೊಬ್ಬಳೇ ವಿಮಾನದಲ್ಲಿ ಮರಳಿದೆ. ಮನೆಯಲ್ಲಿ ದೇವರ ಮುಂದೆ ಬಾಡಿದ ಹೂವಿನ ಕೆಳಗೆ ವಿಷಲ್ ಹಾಗೇ ಇತ್ತು. ಮಗಳದು ಎಂಜಲು ಅನ್ನಿಸಲಿಲ್ಲ. ಬಾಯಿಗಿಟ್ಟು, ಅವಳಪ್ಪ ಬೆಚ್ಚಿ ಓಡಿಬರುವಷ್ಟು ಜೋರಾಗಿ ಊದಿದೆ.