ತಾನಾಗಿ ತಿರುಗಿದ ಕಡ್ಡಿ

ಸಾಗರದ ನಮ್ಮ ಆಸ್ಪತ್ರೆಗೆ ಟಿ.ವಿ. ಬಂದಾಗ ಡಿಶ್ಶನ್ನು ಕೂರಿಸಿದ್ದು ನರ್ಸುಗಳ ವಸತಿಗೃಹದ ತಾರಸಿಯ ಮೇಲೆ. ರಾತ್ರಿ ಪಾಳಿಯ ನರ್ಸುಗಳು ಹಗಲು ಮಲಗಿರುವ ಹೊತ್ತಿನಲ್ಲಿ ಅಲ್ಲಿಗೆ ಗಂಡಸರು ಹತ್ತುವಂತಿರಲಿಲ್ಲ. ಮೇಟ್ರನ್ ಆಗಿ ಆ ನಿಯಮ ಮಾಡಿದವಳು ನಾನೇ.

"ಇಲ್ಲಿ ರಿಸೀವರ್‌ನಿಂದ ಸಿಗ್ನಲ್ ಕೊಟ್ರೆ ಡಿಶ್ಶಿನ ಬಾಯಲ್ಲಿರೋ ಕಡ್ಡಿ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ತಿರುಗ್ಬೇಕು ಮೇಡಂ. ಇಲ್ದಿದ್ರೆ ಅರ್ಧ ಚಾನೆಲ್ ಬರಲ್ಲ. ಯಾರಾದ್ರೂ ಮೇಲೆ ನಿಂತು ನೋಡಿ ಹೇಳ್ಬೇಕು. ನಂಗೆ ಐದು ಗಂಟೆಗೆ ಕಡೇ ಬಸ್ಸು," ಎಂದ ತೀರ್ಥಹಳ್ಳಿಯ ಮೆಕ್ಯಾನಿಕ್.

ಗಂಜಿ ಹಾಕಿದ ಸೀರೆಯ ನೆರಿಗೆ ಹಿಡಿದು ನಾನೇ ಹತ್ತಿದೆ.

"ಈಗ ನೋಡಿ!" ಎಂದು ಕೆಳಗಿನಿಂದ ಕೂಗಿದ. ಯಾರೂ ಮುಟ್ಟದೆ, ಗಾಳಿಯೂ ಬೀಸದೆ, ಬೆರಳುದ್ದದ ಕಡ್ಡಿ ಕಾಲು ಸುತ್ತು ತಿರುಗಿ ನಿಂತಿತು. ಎಲ್ಲಿಯೋ ಕೂತವನ ಆಜ್ಞೆ ತಂತಿಯಲ್ಲಿ ಬಂದಿತ್ತು. ಇಷ್ಟು ಮರುಮಾತಿಲ್ಲದ ವಿಧೇಯತೆಯನ್ನು ನನ್ನ ಯಾವ ವಾರ್ಡಿನಲ್ಲೂ ನಾನು ಕಂಡಿರಲಿಲ್ಲ. ಮೈ ಜುಮ್ಮೆಂದಿತು.

"ಸರಿಯಾಗಿ ತಿರುಗ್ತಾ ಮೇಡಂ?"

"ಇನ್ನೊಮ್ಮೆ ತಿರುಗಿಸು."

"ಇಲ್ಲಿ ಚಿತ್ರ ಬಂತಲ್ಲ ಮೇಡಂ!"

"ಮತ್ತೊಮ್ಮೆ ನೋಡೋಣ."

ನಾನು ಕೆಳಗಿಳಿಯುವಷ್ಟರಲ್ಲಿ ಅವನ ಬಸ್ಸು ಹೋಗಿತ್ತು. ರಾತ್ರಿ ಮಲಗಲು ಅವನಿಗೆ ಗಂಡಸರ ವಾರ್ಡಿನ ಖಾಲಿ ಮಂಚ ಕೊಡಿಸಿದೆ. ದಾಖಲೆಯಿಲ್ಲದೆ ಯಾರಿಗೂ ಮಂಚ ಕೊಡುವಂತಿಲ್ಲವಾದ್ದರಿಂದ, ರಿಜಿಸ್ಟರಿನ ಕಾಯಿಲೆಯ ಕಾಲಂನಲ್ಲಿ "ಬಸ್ಸು ತಪ್ಪಿದೆ" ಎಂದು ಬರೆದು ಸಹಿ ಹಾಕಿದೆ. ಯಾರಿಂದ ತಪ್ಪಿತೆಂದು ಬರೆಯಲು ಅದೃಷ್ಟವಶಾತ್ ಕಾಲಂ ಇರಲಿಲ್ಲ.