ಕೌಲಿಯ ಗಿಣ್ಣು

ಆಗೆಲ್ಲ ಒಂದು ಮನೆಯಲ್ಲಿ ದನ ಕರು ಹಾಕಿದರೆ ಅದು ಇಡೀ ಕೇರಿಗೆ ಸಂಬಂಧಪಟ್ಟ ವಿಷಯ. ಗಿಣ್ಣು ಹಾಲನ್ನು ಮಾರುವ ಕ್ರಮ ಇರಲಿಲ್ಲ. ಕರು ಕುಡಿದು ಉಳಿದದ್ದರಲ್ಲಿ ಅಕ್ಕಪಕ್ಕದ ಮನೆಗಳಿಗೆ ಒಂದೊಂದು ಲೋಟ ಹೋಗುತ್ತಿತ್ತು, ದೃಷ್ಟಿ ಆಗದಿರಲೆಂದು ಅದರೊಳಗೆ ಒಂದು ಚೂರು ಇದ್ದಿಲು. ಆ ಲೋಟ ಖಾಲಿಯಾಗಿ ವಾಪಸು ಬರುವಂತಿರಲಿಲ್ಲ, ಒಂದು ತುಂಡು ಬೆಲ್ಲವನ್ನೋ ಒಂದು ಮುಷ್ಟಿ ಅಕ್ಕಿಯನ್ನೋ ಹಾಕಿಯೇ ಕೊಡಬೇಕು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬೇಕು. ಆದರೆ ನಿಮ್ಮಲ್ಲಿ ಗಿಣ್ಣನ್ನು ಹಬೆಯಲ್ಲಿ ಬೇಯಿಸಿರುತ್ತಾರೆ. ಕಿರಿಮಂಜೇಶ್ವರದಲ್ಲಿದ್ದ ನಮ್ಮ ಅಮ್ಮಮ್ಮ ಅದನ್ನು ಕೆಂಡದಲ್ಲಿ ಬೇಯಿಸುತ್ತಿದ್ದಳು.

ಅಮ್ಮಮ್ಮ ಎಂದರೆ ನನ್ನ ತಾಯಿಯ ತಾಯಿ. ತಾಯಿಯನ್ನು ನಾನು ಅಬ್ಬಿ ಎಂದು ಕರೆಯುತ್ತಿದ್ದೆ. ಅಪ್ಪಯ್ಯ ಬೊಂಬಾಯಿಯಲ್ಲಿ ಹೋಟೆಲಿನ ಅಡುಗೆ ಕೆಲಸದಲ್ಲಿದ್ದರು. ತಮ್ಮ ಹುಟ್ಟಿದ ಮೇಲೆ ಅಬ್ಬಿಯೂ ಅವನನ್ನು ಎತ್ತಿಕೊಂಡು ಅಲ್ಲಿಗೆ ಹೋದಳು. ಅಲ್ಲಿಯ ಖೋಲಿಯಲ್ಲಿ ನಾಲ್ಕು ಜನ ಕಾಲು ಚಾಚುವಷ್ಟು ಜಾಗವಿಲ್ಲವೆಂದು ನನ್ನನ್ನು ಅಮ್ಮಮ್ಮನ ಹತ್ತಿರ ಬಿಟ್ಟರು. ಯಾರೋ ಒಬ್ಬರು ಹೊರಗೆ ಉಳಿಯಬೇಕಿತ್ತು, ಉಳಿದವಳು ನಾನು. ಇದನ್ನು ಈಗ ಸಲೀಸಾಗಿ ಬರೆಯುತ್ತೇನೆ, ಆಗ ಯಾರಾದರೂ ಕೇಳಿದರೆ ಎದ್ದು ದನದ ಹಟ್ಟಿಗೆ ಓಡುತ್ತಿದ್ದೆ.

ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಅಬ್ಬಿ ಬರುತ್ತಿದ್ದಳು. ಆ ಒಂದು ತಿಂಗಳು ಹಲಸಿನ ಹಣ್ಣಿನ ಕಡುಬು, ಗೇರುಬೀಜ ಗುರಿಯಿಟ್ಟು ಹೊಡೆಯುವ ಆಟ, ಮಧ್ಯಾಹ್ನ ಚೆನ್ನೆಮಣೆ. ಆಟದಲ್ಲಿ ಅಬ್ಬಿ ಬೇಕೆಂದೇ ಸೋಲುತ್ತಿದ್ದಳು. ಅವಳು ಹೊರಡುವ ದಿನ ಬಂದರೆ ನಾನು ಮನುಷ್ಯಳಾಗಿ ಉಳಿಯುತ್ತಿರಲಿಲ್ಲ. ಏಳು ವರ್ಷದವಳಿದ್ದಾಗ, ಬಸ್ಸಿನ ಮೆಟ್ಟಿಲು ಹತ್ತಿದವಳನ್ನು ಸೆರಗು ಹಿಡಿದು ಎಳೆದಿದ್ದೆ. ಸೆರಗು ಹರಿದಿತ್ತು, ಬಸ್ಸು ಹೋಗಿತ್ತು, ಅಬ್ಬಿ ಎಂಟು ದಿನ ಹೆಚ್ಚು ಉಳಿದಿದ್ದಳು. ಹಿಡಿದರೆ ಅಬ್ಬಿ ನಿಲ್ಲುತ್ತಾಳೆ ಎನ್ನುವುದು ನನಗೆ ಅಂದೇ ತಿಳಿಯಿತು. ಅಮ್ಮಮ್ಮನಿಗೂ ತಿಳಿದಿತ್ತು ಎನ್ನುವುದು ನನ್ನ ತಲೆಗೆ ಹೋಗಲಿಲ್ಲ.

ಈ ಗಿಣ್ಣಿನ ಕತೆ ಅದರ ಮರುವರ್ಷದ್ದು, ನನಗೆ ಎಂಟಾದ ಬೇಸಿಗೆಯದು. ರೈಲು ನಮ್ಮ ಕಡೆಗೆ ಇನ್ನೂ ಹೊಸತು, ಅದು ಕೂಗಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಅಬ್ಬಿ ಈ ಸಲ ಬೈಂದೂರಿನಿಂದ ರೈಲಿನಲ್ಲಿ ಹೋಗುವುದೆಂದು ಆಗಿತ್ತು. ನಾಳೆ ಎಂದು ನನಗೆ ಹೇಳಿದ್ದರು. ನಾನು ನನ್ನ ತಯಾರಿಯಲ್ಲಿದ್ದೆ: ಅವಳ ಒಂದು ಚಪ್ಪಲಿಯನ್ನು ಸೌದೆಯ ಹಿಂದೆ ಅಡಗಿಸಿದ್ದೆ, ರಾತ್ರಿ ಅವಳ ಸೆರಗನ್ನು ಕೈಗೆ ಸುತ್ತಿಕೊಂಡು ಮಲಗುವುದೆಂದೂ ನಿಶ್ಚಯಿಸಿದ್ದೆ. ಹಟ್ಟಿಯಲ್ಲಿ ನಮ್ಮ ದನ ಕೌಲಿ ಕರು ಹಾಕಿ ಎರಡು ದಿನವಾಗಿತ್ತು. ಕೆಂಪು ಕರು, ಹಣೆಯಲ್ಲಿ ಬಿಳಿ ಚುಕ್ಕೆ. ಗಿಣ್ಣು ಮಾಡು ಎಂದು ನಾನೇ ಅಮ್ಮಮ್ಮನ ಬೆನ್ನು ಬಿದ್ದಿದ್ದೆ.

ಮಧ್ಯಾಹ್ನದ ಊಟವಾದ ಮೇಲೆ ಅಮ್ಮಮ್ಮ ಕೆಲಸಕ್ಕೆ ಕೂತಳು. ಗಟ್ಟಿ ಹಳದಿ ಹಾಲಿಗೆ ಅಷ್ಟೇ ಮಾಮೂಲಿ ಹಾಲು ಸೇರಿಸಿ, ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಗುದ್ದಿ ಹಾಕಿದಳು. ಕಂಚಿನ ಉರುಳಿಯ ತಳಕ್ಕೆ ಬಾಡಿಸಿದ ಬಾಳೆಲೆ ಹಾಸಿ ಹಾಲು ಹೊಯ್ದಳು. ಒಲೆಯಲ್ಲಿ ಸಣ್ಣ ಕೆಂಡ, ಉರುಳಿಯ ಮೇಲೆ ಹಿತ್ತಾಳೆಯ ಹರಿವಾಣ ಮುಚ್ಚಿ ಅದರ ಮೇಲೂ ತೆಂಗಿನ ಗೆರಟೆಯ ಕೆಂಡ. ಮೇಲಿನಿಂದಲೂ ಕೆಳಗಿನಿಂದಲೂ ಬೆಂದ ಗಿಣ್ಣಿಗೆ ದೋಸೆಯ ಹಾಗೆ ಕಂದು ಕಲೆ ಬೀಳುತ್ತಿತ್ತು. ಆ ಕಲೆಯ ಭಾಗಕ್ಕೆ ಕೇರಿಯ ಮಕ್ಕಳೆಲ್ಲ ಜಗಳವಾಡುತ್ತಿದ್ದೆವು.

ಅಮ್ಮಮ್ಮ ಅಡಿಕೆ ಹಾಳೆಯ ಬೀಸಣಿಗೆಯನ್ನು ನನ್ನ ಕೈಗೆ ಕೊಟ್ಟಳು.

"ಹೆಣೇ, ಇಲ್ಲ್ ಕೂಕೋ. ಮೇಲಿನ್ ಕೆಂಡ ಬೂದಿ ಆಪುಕೆ ಬಿಡೂಕಾಗ. ಕೆಳ್ಗಿಂದ್ ಉರಿ ಎದ್ರೆ ನೀರ್ ಚಿಮ್ಕ್ಸ್. ನಾ ಬಪ್ಪಲ್ಲಿವರಿಗೆ ಏಳೂಕಾಗ."

"ಎದ್ರೆ ಎಂತ ಆತ್ತ್?"

"ಹಾಲ್ ಅಡಿ ಹಿಡಿತ್ತ್. ಗಿಣ್ಣ್ ಅಡಿ ಹಿಡ್ದ್ರೆ ಕೌಲಿ ಕೆಚ್ಚಲ್ ಒಡಿತ್ತ್. ಮತ್ತೆ ಆ ಕರೂಗೆ ಹಾಲಿಲ್ಲೆ."

ಹಾಲು ತಳ ಹಿಡಿದು ಸುಟ್ಟರೆ ದನದ ಕೆಚ್ಚಲು ಒಡೆಯುತ್ತದೆ ಎಂದು ಊರಿಗೆ ಊರೇ ನಂಬಿತ್ತು. ನಾನಂತೂ ಕಣ್ಣಾರೆ ಕಂಡಿದ್ದೆ. ಪಕ್ಕದ ಮನೆಯ ದನದ ಕೆಚ್ಚಲು ಬಿರಿದು ರಕ್ತ ಬಂದು, ಕರು ಬಾಯಿ ಹಾಕಿದಾಗಲೆಲ್ಲ ಅದು ಒದೆಯುತ್ತಿತ್ತು. ಆದ್ದರಿಂದ ನಾನು ದೊಡ್ಡ ಜವಾಬ್ದಾರಿ ಸಿಕ್ಕವಳ ಗತ್ತಿನಿಂದ ಮಣೆಯ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಅಬ್ಬಿ ಒಳಗೆ ಬಂದಳು. ಮನೆಯಲ್ಲಿ ಉಡುವ ಹಳೆಯ ಸೀರೆಯಲ್ಲೇ ಇದ್ದಳು. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಾಯಿಗೆ ಬೆಲ್ಲದ ಚೂರು ಹಾಕಿದಳು.

"ಬಿಸಿ ಆತಿತ್ತಾ ಮಗಾ?"

"ಇಲ್ಲೆ. ಅಬ್ಬಿ, ನೀ ನಾಳಿಕೆ ಅಲ್ದಾ ಹೋಪ್ದ್?"

"ಹ್ಞೂಂ. ನಾಳಿಕೆ."

ನನ್ನ ಹಣೆಯ ಬೆವರನ್ನು ಅಂಗೈಯಿಂದ ಒರೆಸಿ ಎದ್ದು ಹೋದಳು. ಅವಳ ಕೈಯಿಂದ ಪೌಡರಿನ ಪರಿಮಳ ಬಂತು. ಹೊರಗೆ ಹೋಗುವುದಿದ್ದರೆ ಮಾತ್ರ ಅಬ್ಬಿ ಪೌಡರ್ ಹಚ್ಚುವುದು. ಇದು ನನಗೆ ಹೊಳೆದದ್ದು ಅಂಗಳದ ಆಚೆ ರಿಕ್ಷಾ ಬಂದು ನಿಂತ ಸದ್ದು ಕೇಳಿದಾಗ.

"ಹ್ವಾಯ್, ಬೇಗ ಬನ್ನಿ, ರೈಲ್ ತಪ್ಪತ್ತ್ ಮತ್ತೆ" ಎಂದು ರಿಕ್ಷಾದವನು ಕೂಗಿದ. ಅಮ್ಮಮ್ಮ ಅವನನ್ನು ಸುಮ್ಮನಾಗಿಸಿದ್ದೂ ಕೇಳಿತು. ತಮ್ಮ ರಾಗ ತೆಗೆದ. ಪೆಟ್ಟಿಗೆಯನ್ನು ಜಗಲಿಯಿಂದ ಎಳೆದರು.

ಅಡುಗೆಮನೆಯ ಬಾಗಿಲು ಅಂಗಳಕ್ಕೇ ತೆರೆಯುತ್ತಿತ್ತು. ನಾನಿದ್ದ ಮೂಲೆಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಚಿಲಕ ಹಾಕಿರಲಿಲ್ಲ, ಅರ್ಧ ತೆರೆದೇ ಇತ್ತು. ನಾನು ಎದ್ದೆ. ಅಷ್ಟರಲ್ಲಿ ಉರುಳಿಯ ಅಂಚಿನಲ್ಲಿ ಹಾಲು ಚುರ್ ಎಂದಿತು, ಒಲೆಯಲ್ಲಿ ಒಂದು ಉರಿ ನಾಲಿಗೆ ಮೇಲೆದ್ದಿತು. ಕೂತು ನೀರು ಚಿಮುಕಿಸಿದೆ. ಮತ್ತೆ ಎದ್ದೆ. ಹರಿವಾಣ ಎತ್ತಿ ಬದಿಗಿಟ್ಟು ಓಡೋಣವೆಂದರೆ ಅದರ ತುಂಬ ಕೆಂಡ. ಉರುಳಿ ಇಳಿಸೋಣವೆಂದರೆ ನನ್ನ ಕೈಗೆ ಅದು ಏಳುವಂಥದ್ದಲ್ಲ. ಹಟ್ಟಿಯಲ್ಲಿ ಕೌಲಿ ಕರುವನ್ನು ಕರೆದು ಕೂಗಿತು. ನಾನು ಮತ್ತೆ ಕೂತೆ. ಅಬ್ಬೀ ಎಂದು ಒಮ್ಮೆ ಕೂಗಬಹುದಿತ್ತು. ಅದೂ ನನಗೆ ತೋಚಲಿಲ್ಲ. ಬೀಸಣಿಗೆ ಬೀಸುತ್ತ, ಮೂಗಿನ ನೀರು ತೋಳಿಗೆ ಒರೆಸುತ್ತ, ರಿಕ್ಷಾ ಇನ್ನೂ ಯಾಕೆ ಹೊರಡಲಿಲ್ಲ ಎಂದು ಕಿವಿ ಕೊಟ್ಟು ಕೂತಿದ್ದೆ. ಅದು ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಹೋಯಿತು.

ನಾನು ಆಗಲೂ ಏಳಲಿಲ್ಲ. ಗಿಣ್ಣು ಇನ್ನೂ ಆಗಿರಲಿಲ್ಲ.

ರೈಲು ನಮ್ಮ ಊರು ದಾಟಿಯೇ ಬೈಂದೂರಿಗೆ ಹೋಗಬೇಕು. ಅದು ಗದ್ದೆಯಾಚೆ ಕೂಗಿಕೊಂಡು ಹೋದಾಗ, ಅಬ್ಬಿ ಇನ್ನೂ ಅದರಲ್ಲಿ ಇಲ್ಲ, ಅಲ್ಲಿ ನಿಂತು ಕಾಯುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕದಿಂದ ಅಳು ಇನ್ನೂ ಹೆಚ್ಚಾಯಿತು.

ಅಮ್ಮಮ್ಮ ಬಂದು ಕೆಂಡ ತೆಗೆದು ಹರಿವಾಣ ಎತ್ತಿದಳು. ಗಿಣ್ಣು ಅಲುಗದೆ ನಿಂತಿತ್ತು, ಮೇಲೆಲ್ಲ ಚಿನ್ನದ ಬಣ್ಣದ ಕಲೆ. ಎಲ್ಲಿಯೂ ಬಿರುಕಿಲ್ಲ, ತಳವೂ ಹಿಡಿದಿರಲಿಲ್ಲ. ಅವಳು ನನ್ನ ಮುಖ ನೋಡದೆ ತುಂಡು ಮಾಡಿದಳು.

"ತಿನ್. ನಿನ್ ಕೈಗುಣ ಒಳ್ಳೆದಿತ್ತ್."

ತಿನ್ನಬಾರದಿತ್ತು, ತಟ್ಟೆ ಎಸೆಯಬೇಕಿತ್ತು. ನಾನು ಅಳುತ್ತಲೇ ಎರಡು ತುಂಡು ತಿಂದೆ. ರುಚಿಯಾಗಿತ್ತು. ಈಗಲೂ ನನಗೆ ಅದೇ ನಾಚಿಕೆ. ಅಮ್ಮಮ್ಮ ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಸೌದೆಯ ಹಿಂದಿನ ಚಪ್ಪಲಿ ಅಲ್ಲೇ ಇತ್ತು, ಅಬ್ಬಿ ಬರಿಗಾಲಿನಲ್ಲಿ ಹೋಗಿದ್ದಳು.

ಮರುವರ್ಷ ಅಬ್ಬಿ ಬಂದಾಗ ನಾನು ಸೆರಗು ಹಿಡಿಯಲಿಲ್ಲ. ಅವಳು ಹೊರಟಾಗ ಜಗಲಿಯಲ್ಲಿ ನಿಂತು ಕೈ ಬೀಸಿದೆ. ಹೆಣ್ಣಿಗೆ ಬುದ್ಧಿ ಬಂತು ಎಂದು ಎಲ್ಲರೂ ಹೊಗಳಿದರು. ಅಪ್ಪಯ್ಯ ಕೆಲಸ ಬಿಟ್ಟು ಅವರಿಬ್ಬರೂ ಊರಿಗೆ ಬಂದು ನಿಲ್ಲುವಾಗ ನನಗೆ ಮದುವೆಯಾಗಿತ್ತು.

ಈಗ ನಾನಿರುವುದು ಬೈಂದೂರಿನಲ್ಲಿ. ಅಮ್ಮಮ್ಮ ಇಲ್ಲ, ಅವಳ ಹಟ್ಟಿಯ ಜಾಗದಲ್ಲಿ ಕಾರು ನಿಲ್ಲುತ್ತದೆ, ಉರುಳಿ ಅಟ್ಟದಲ್ಲಿದೆ. ಮೊನ್ನೆ ಪರಿಚಯದವರೊಬ್ಬರು ಗಿಣ್ಣು ಹಾಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟು, ಬಾಟಲಿ ವಾಪಸು ಬೇಡ ಎಂದರು. ಅಬ್ಬಿಯೂ ನಮ್ಮ ಮನೆಗೆ ಬಂದಿದ್ದಳು. ಹಾಲನ್ನು ಓವನ್‌ನಲ್ಲಿಟ್ಟೆ. ಈಗ ಯಾರೂ ಕಾದು ಕೂರಬೇಕಿಲ್ಲ, ಆದಾಗ ಗಂಟೆ ಹೊಡೆಯುತ್ತದೆ. ಒಳಗಿನ ಬಿಸಿಗೆ ತಳ ಹಿಡಿಯುವ ಮೊದಲು ಎದ್ದು ಹೊರಗೆ ತೆಗೆದರಾಯಿತು.

ಏಲಕ್ಕಿಯ ಪರಿಮಳ ಏಳುತ್ತಿದ್ದಂತೆ ಅಬ್ಬಿ ತಾನಾಗಿಯೇ ಮಾತು ತೆಗೆದಳು.

"ಆವತ್ತ್ ನೀ ಅಡ್ಗಿಮನಿ ಒಳ್ಗ್ ಕೂಕಂಡಿದ್ದೆ ಅಲ್ದಾ. ನಾ ರಿಕ್ಷಾ ಹತ್ರ ನಿಂತ್ಕಂಡ್ ಆ ಬಾಗ್ಲೇ ಕಾಂತಿದ್ದೆ. ನೀ ಓಡ್ಕಂಡ್ ಬಂದಿದ್ರೆ ಹೋಪ್ದ್ ಬ್ಯಾಡ ಅಂದೇಳಿ ಮಾಡಿದ್ದೆ. ನೀ ಬರ್ಲೇ ಇಲ್ಲೆ."

ಅಷ್ಟು ವರ್ಷ ಅವಳು ಇದನ್ನು ಒಳಗಿಟ್ಟುಕೊಂಡಿದ್ದಳು. ನನಗೆ ಹೇಳಲು ಒಂದೇ ಮಾತಿತ್ತು.

"ಹಾಲ್ ಅಡಿ ಹಿಡಿತಿತ್ತ್, ಅಬ್ಬಿ."

"ಹೌದ್" ಎಂದು ಅವಳು ತಲೆಯಾಡಿಸಿದಳು. "ಕೌಲಿ ಪಾಪ."

ಓವನ್ನಿನ ಗಂಟೆ ಹೊಡೆಯಿತು. ಅಬ್ಬಿ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಏಳಲಿಲ್ಲ, ಅವಳು ಬಿಡಲೂ ಇಲ್ಲ. ಈ ಸಲ ಗಿಣ್ಣು ಚೆನ್ನಾಗಿ ಅಡಿ ಹಿಡಿಯಿತು.